ರೆಸಿಡ್ಯುಅಲ್ ಚಿಕ್ಕದು, ಉತ್ತರ ಮಾತ್ರ ಬೇರೆ ಬೇರೆ: ಯಾಕೆ?

ಪ್ರಶ್ನೆ: ನಾನು ಸ್ಟ್ರಕ್ಚರಲ್ ಇಂಜಿನಿಯರ್. 12 ಮಹಡಿಯ ಕಟ್ಟಡವೊಂದರ ಫೈನೈಟ್ ಎಲಿಮೆಂಟ್ ಲೆಕ್ಕವನ್ನು (ಕಟ್ಟಡವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಮಾಡುವ ಲೆಕ್ಕ) ನಾವೇ ಬರೆದ ಪ್ರೋಗ್ರಾಂನಲ್ಲಿ ಮಾಡುತ್ತಿದ್ದೇವೆ. ಸುಮಾರು 6 ಲಕ್ಷ ಅಜ್ಞಾತಗಳಿವೆ. ಅಳತೆ ಕಿಲೋನ್ಯೂಟನ್ ಮತ್ತು ಮೀಟರ್‌ನಲ್ಲಿ. ಗೋಡೆ, ಸ್ಲ್ಯಾಬ್ ಸೇರುವ ಕಡೆ ಎರಡು ನೋಡ್‌ಗಳು (ತುಂಡುಗಳು ಕೂಡುವ ಬಿಂದುಗಳು) ಒಟ್ಟಿಗೇ ಚಲಿಸಲಿ ಎಂದು ನಡುವೆ 10²⁰ ಸ್ಟಿಫ್‌ನೆಸ್ (ಬಿಗಿತ) ಇರುವ ಲಿಂಕ್ ಹಾಕಿದ್ದೇವೆ. ಆಫೀಸಿನ ಮಷೀನಿನಲ್ಲಿ ಮೇಲಿನ ಮಹಡಿಯ ಸರಿತ (ಜಾಗದಿಂದ ಸರಿಯುವ ದೂರ) 41.8 ಮಿ.ಮೀ. ಬಂದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ 42.7 ಬರುತ್ತದೆ. ಎರಡೂ ಕಡೆ ರೆಸಿಡ್ಯುಅಲ್ (ಬಂದ ಉತ್ತರವನ್ನು ಸಮೀಕರಣಗಳಲ್ಲಿ ಇಟ್ಟಾಗ ಉಳಿಯುವ ವ್ಯತ್ಯಾಸ) 10⁻¹⁰ಕ್ಕಿಂತ ಕಡಿಮೆ ಎಂದೇ ಸಮೀಕರಣ ಬಿಡಿಸುವ ಸಾಲ್ವರ್ ಹೇಳುತ್ತದೆ. ಯಾವುದನ್ನು ನಂಬಲಿ? ಸಾಲ್ವರ್ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಸಾಲ್ವರ್ ಬದಲಿಸಿದರೂ ಪ್ರಯೋಜನವಾಗದು. ನನ್ನ ಅನುಮಾನವೆಲ್ಲ ಆ 10²⁰ರ ಮೇಲಿದೆ.

ಇಂಥ ಲೆಕ್ಕಗಳಲ್ಲಿ ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಡಬಲ್ ಪ್ರಿಸಿಷನ್ ರೂಪದಲ್ಲಿ ಒಂದು ಸಂಖ್ಯೆಗೆ ಸಿಗುವುದು 53 ಬಿಟ್, ಅಂದರೆ ಸುಮಾರು 16 ದಶಮಾಂಶ ಅಂಕೆ. 10²⁰ರ ಆಸುಪಾಸಿನಲ್ಲಿ ಕಂಪ್ಯೂಟರ್ ಹಿಡಿದಿಡಬಲ್ಲ ಒಂದು ಸಂಖ್ಯೆಗೂ ಅದರ ಮುಂದಿನದಕ್ಕೂ ನಡುವೆ 16384ರಷ್ಟು ಅಂತರವಿದೆ. ಪೈಥಾನ್ ತೆರೆದು ನೀವೇ ನೋಡಿ: 10²⁰ಕ್ಕೆ 1,00,000 ಕೂಡಿಸಿ, ಮತ್ತೆ 10²⁰ ಕಳೆಯಿರಿ. ಉಳಿಯುವುದು 98,304. (ಸಂಖ್ಯೆಗಳನ್ನು ದಶಮಾಂಶ ಚುಕ್ಕಿ ಇಟ್ಟೇ ಬರೆಯಿರಿ, ಇಲ್ಲದಿದ್ದರೆ ಪೈಥಾನ್ ಪೂರ್ಣಾಂಕದ ಲೆಕ್ಕ ಮಾಡಿ ಸರಿಯುತ್ತರವನ್ನೇ ಕೊಟ್ಟುಬಿಡುತ್ತದೆ.) ಈಗ ಅದೇ ಒಂದು ಲಕ್ಷವನ್ನು 25,000ದಂತೆ ನಾಲ್ಕು ಸಲ ಕೂಡಿಸಿ ನೋಡಿ. ಈ ಸಲ ಉಳಿಯುವುದು 1,31,072! ಇನ್ನು 5,000ದಂತೆ 20 ಸಲ ಕೂಡಿಸಿದರೆ ಏನೂ ಉಳಿಯುವುದಿಲ್ಲ, ಸೊನ್ನೆ.

ನಿಮ್ಮ ಮ್ಯಾಟ್ರಿಕ್ಸ್ (ಸಮೀಕರಣಗಳ ಸ್ಟಿಫ್‌ನೆಸ್ ಸಂಖ್ಯೆಗಳ ಕೋಷ್ಟಕ) ಜೋಡಣೆಯಾಗುವಾಗ ನಡೆಯುವುದೂ ಇದೇ. ಒಂದು ನೋಡ್‌ಗೆ ಸುತ್ತಲಿನ ನಾಲ್ಕಾರು ಎಲಿಮೆಂಟ್‌ಗಳಿಂದ ಸ್ಟಿಫ್‌ನೆಸ್ ಬಂದು ಸೇರುತ್ತದೆ. ಲಿಂಕಿನ ದೊಡ್ಡ ಸಂಖ್ಯೆ ಮೊದಲೇ ಅಲ್ಲಿ ಕೂತಿದ್ದರೆ ಕಾಂಕ್ರೀಟಿನ ನಿಜವಾದ ಸ್ಟಿಫ್‌ನೆಸ್ ಒಂದು ರೀತಿ ಸವೆಯುತ್ತದೆ, ಕೊನೆಗೆ ಬಂದರೆ ಇನ್ನೊಂದು ರೀತಿ. ಕೂಡಿಸುವ ಸರದಿ ಥ್ರೆಡ್‌ಗಳ (ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆಗಳ) ಸಂಖ್ಯೆಯ ಮೇಲೆ ನಿಂತಿದ್ದರೆ ಪ್ರತಿ ಮಷೀನಿಗೂ ಒಂದೊಂದು ಮ್ಯಾಟ್ರಿಕ್ಸ್ ಸಿದ್ಧವಾಗುತ್ತದೆ. ಸೊನ್ನೆಯಲ್ಲದ ಸಂಖ್ಯೆಗಳನ್ನಷ್ಟೇ ಇಟ್ಟುಕೊಳ್ಳುವ ಸ್ಪಾರ್ಸ್ ಸಾಲ್ವರ್ ಕೂಡ ಸೊನ್ನೆಗಳ ಜಾಗ ತುಂಬಿಹೋಗದಂತೆ ಸಾಲುಗಳ ಕ್ರಮವನ್ನು ತಾನೇ ಬದಲಿಸಿಕೊಳ್ಳುತ್ತದೆ. ಇದು ಅನಿವಾರ್ಯ: 6 ಲಕ್ಷ ಅಜ್ಞಾತಗಳ ಮ್ಯಾಟ್ರಿಕ್ಸನ್ನು ಸೊನ್ನೆಗಳ ಸಮೇತ ಇಟ್ಟುಕೊಂಡರೆ ಸುಮಾರು 2.9 ಟೆರಾಬೈಟ್ ಬೇಕಾದೀತು. ಆರೋಗ್ಯವಂತ ಮ್ಯಾಟ್ರಿಕ್ಸ್ ಆಗಿದ್ದರೆ ಈ ಅದಲುಬದಲಿನಿಂದ ಕಡೆಯ ಕೆಲವು ಅಂಕೆಗಳಷ್ಟೇ ಅಲುಗಾಡುತ್ತವೆ. ನಿಮ್ಮಲ್ಲಿ ಎರಡನೆಯ ಅಂಕೆಯೇ ಅಲುಗಾಡಿದೆ.

ಹಾಗಾದರೆ ರೆಸಿಡ್ಯುಅಲ್ ಅಷ್ಟು ಚಿಕ್ಕದೇಕೆ ಬಂತು? ಸಾಲ್ವರ್ ಅದನ್ನು ಯಾವುದಕ್ಕೆ ಹೋಲಿಸಿ ಹೇಳುತ್ತಿದೆ ಎಂದು ದಯವಿಟ್ಟು ನೋಡಿ. 0.04 ಮೀಟರ್ ಸರಿತವನ್ನು 10²⁰ರಿಂದ ಗುಣಿಸಿದರೆ 4×10¹⁸. ಅಲ್ಲಿ ಎರಡು ಸಂಖ್ಯೆಗಳ ಅಂತರವೇ 512 ಕಿಲೋನ್ಯೂಟನ್. ಲೋಡಿಗೆ ಹೋಲಿಸಿದ್ದರೆ 10⁻¹⁰ ಬರುವ ಸಾಧ್ಯತೆಯೇ ಇರಲಿಲ್ಲ. ಬಹುಶಃ ಅದು ಮ್ಯಾಟ್ರಿಕ್ಸಿನ ಗಾತ್ರಕ್ಕೆ ಹೋಲಿಸುತ್ತಿದೆ. ಆ ಗಾತ್ರವೇ 10²⁰ ಆದಮೇಲೆ ಎಂಥ ತಪ್ಪೂ ಅದರ ಮುಂದೆ ಚಿಕ್ಕದಾಗಿಯೇ ಕಾಣುತ್ತದೆ.

ಲಿಂಕ್ ಇಲ್ಲದಿದ್ದರೂ ರೆಸಿಡ್ಯುಅಲ್ ಚಿಕ್ಕದಿದ್ದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ. ಎರಡು ಅಜ್ಞಾತಗಳ ಲೆಕ್ಕ ತೆಗೆದುಕೊಳ್ಳಿ: ಮೊದಲನೆಯದು ಕೂಡಿಸು ಎರಡನೆಯದು 2, ಮೊದಲನೆಯದು ಕೂಡಿಸು ಎರಡನೆಯದರ 1.0001 ಪಟ್ಟು 2.0001. ಸರಿಯುತ್ತರ 1 ಮತ್ತು 1. ಆದರೆ 2 ಮತ್ತು 0 ಇಟ್ಟರೂ ವ್ಯತ್ಯಾಸ ಬರೀ 0.0001. ಸಣ್ಣ ವ್ಯತ್ಯಾಸ ಉತ್ತರದಲ್ಲಿ ದೊಡ್ಡ ತಪ್ಪಾಗುವ ಈ ಹಿಗ್ಗುವಿಕೆಯ ಅಳತೆಯೇ ಕಂಡಿಷನ್ ನಂಬರ್; ಆ ಹೆಸರನ್ನು 1948ರಲ್ಲಿ ಬಳಕೆಗೆ ತಂದವರು ಅಲನ್ ಟ್ಯೂರಿಂಗ್. ಅದು 10⁶ ಇದ್ದರೆ 16 ಅಂಕೆಗಳಲ್ಲಿ ಸುಮಾರು ಆರು ಹೋದವೆಂದೇ ಲೆಕ್ಕ ಹಿಡಿಯಬೇಕು.

ಈಗ ಮಾಡಬೇಕಾದ್ದು. ಎರಡು ನೋಡ್‌ಗಳ ಸರಿತ ಒಂದೇ ಆಗಿರಬೇಕಾದರೆ ಎರಡಕ್ಕೂ ಒಂದೇ ಅಜ್ಞಾತವನ್ನು ಕೊಟ್ಟು ಲಿಂಕನ್ನೇ ತೆಗೆದುಬಿಡಿ. ನಾನಾದರೆ ಹೀಗೇ ಮಾಡುತ್ತೇನೆ. ಲಿಂಕ್ ಬೇಕೇ ಬೇಕೆಂದರೆ ಅಲ್ಲಿನ ಸ್ಟಿಫ್‌ನೆಸ್‌ನ 10⁸ ಪಟ್ಟು ಸಾಕು. ಒಂದು ಲಕ್ಷದ ಸ್ಟಿಫ್‌ನೆಸ್‌ಗೆ 10¹³ ಹಾಕಿದಿರಿ ಅನ್ನಿ. ಅಲ್ಲಿ ಅಂತರ ಬರೀ 0.002, ಎಂಟು ಅಂಕೆ ಭದ್ರವಾಗಿ ಉಳಿಯುತ್ತವೆ. ಲಗ್ರಾಂಜ್ ಗುಣಕದ (ಸರಿತಗಳು ಸಮ ಎಂಬ ಷರತ್ತನ್ನೇ ಇನ್ನೊಂದು ಸಮೀಕರಣವಾಗಿ ಸೇರಿಸುವ) ದಾರಿಯೂ ಇದೆ. ಆದರೆ ಆಗ ಚೋಲೆಸ್ಕಿ ಎಂಬ ಬಿಡಿಸುವ ವಿಧಾನ ನಡೆಯುವುದಿಲ್ಲ, ಪಿವಟಿಂಗ್ (ಭಾಗಿಸಲು ತಕ್ಕ ಸಂಖ್ಯೆ ಸಿಗುವಂತೆ ಸಾಲುಗಳ ಅದಲುಬದಲು) ಮಾಡುವ ಸಾಲ್ವರ್ ಬೇಕು.

ಇಟರೇಟಿವ್ ರಿಫೈನ್‌ಮೆಂಟ್ (ರೆಸಿಡ್ಯುಅಲ್ ನೋಡಿ ಉತ್ತರವನ್ನು ಮತ್ತೆ ಮತ್ತೆ ತಿದ್ದುವ ವಿಧಾನ) ಆನ್ ಮಾಡಿದರೆ ಸರಿಹೋದೀತು ಎಂದು ಯಾರಾದರೂ ಹೇಳಬಹುದು. ಒಳ್ಳೆಯ ವಿಧಾನ, ಸಂಶಯವಿಲ್ಲ. ಆದರೆ ಅದು ಕೊಟ್ಟ ಮ್ಯಾಟ್ರಿಕ್ಸಿನ ಉತ್ತರವನ್ನು ಮಾತ್ರ ತಿದ್ದೀತು; ಜೋಡಣೆಯಲ್ಲೇ ಕಳೆದುಹೋದ ಸ್ಟಿಫ್‌ನೆಸ್ ಅದಕ್ಕೆ ಕಾಣಿಸುವುದೇ ಇಲ್ಲ.

ಲಿಂಕ್ ಸರಿಪಡಿಸಿದ ಮೇಲೆ ಮ್ಯಾಟ್ರಿಕ್ಸಿನ ಸೊನ್ನೆಯಲ್ಲದ ಸಂಖ್ಯೆಗಳನ್ನು, ಸಿಮೆಟ್ರಿ ಕೆಡದಂತೆ, 10⁻¹⁰ರಷ್ಟು ಅಡ್ಡಾದಿಡ್ಡಿಯಾಗಿ ಅಲುಗಿಸಿ ಮತ್ತೆ ಬಿಡಿಸಿ. ಥ್ರೆಡ್ ಸಂಖ್ಯೆ ಬದಲಿಸಿಯೂ ನೋಡಿ. ಎರಡು ಮಷೀನುಗಳಲ್ಲೂ ಮೇಲಿನ ಮಹಡಿಯ ಸರಿತ ಎಷ್ಟು ಅಂಕೆಗಳವರೆಗೆ ಕದಲದೆ ನಿಲ್ಲುತ್ತದೋ ವರದಿಯಲ್ಲಿ ಅಷ್ಟನ್ನೇ ಬರೆಯಿರಿ.