ನಿಮ್ಮ ಶಿಖರಗಳ ಪಟ್ಟಿಯಲ್ಲಿ ಖಾಲಿ ದಿನ ಎಲ್ಲಿ?

ಕೆಲಸ ಬಿಟ್ಟು ಬೇಸಿಗೆಯೆಲ್ಲ ಹಿಮಾಲಯದಲ್ಲೇ ಇರ್ತೀನಿ ಅಂತ ಪ್ಲಾನ್ ಹಾಕಿರುವ ಗೌರಿಬಿದನೂರಿನ ತಮ್ಮನಿಗೆ. ನೀವು ಇಲ್ಲಿ ಹಾಕಿರುವ ಪಟ್ಟಿ ಇದು: ಮೇ 4ಕ್ಕೆ ಮನಾಲಿ, 8ಕ್ಕೆ ಫ್ರೆಂಡ್‌ಶಿಪ್ ಶಿಖರದ ತುದಿ, ಜೂನ್ ಮೊದಲ ವಾರ ಯೂನಂ ಶಿಖರ, ಅಲ್ಲಿಂದ ಲೇಹ್. ಕೆಲಸ ಬಿಡಬೇಡಿ ಅಂತ ನಾನು ಹೇಳಲ್ಲ, ನಾನೂ ಬಿಟ್ಟೇ ಹೋದವನು. ಆದರೆ ಇಷ್ಟುದ್ದ ಪಟ್ಟಿಯಲ್ಲಿ ಮೈ ಎತ್ತರಕ್ಕೆ ಒಗ್ಗಲು ಒಂದು ಖಾಲಿ ದಿನ ಇಲ್ಲ. ನನ್ನ ಪಟ್ಟಿಯೂ ಹೀಗೇ ಇತ್ತು.

ಸ್ಕಂದಗಿರಿಯನ್ನು ಒಂದು ಗಂಟೆಯಲ್ಲಿ ಹತ್ತಿದೆ ಅಂದಿದ್ದೀರಿ. ಕಾಲಿಗೆ ಒಳ್ಳೆಯದೇ. ನಾನು ಮಧುಗಿರಿ ಏಕಶಿಲೆಯನ್ನು ವಾರಕ್ಕೆ ಮೂರು ಸಲ ಹತ್ತುತ್ತಿದ್ದೆ. ಆದರೆ ನಂದಿಯ ತುದಿಯೇ 1,478 ಮೀಟರ್, ಮನಾಲಿ ಪೇಟೆ 2,000 ಮೀಟರ್ ದಾಟುತ್ತದೆ. ನಮ್ಮ ಬೆಟ್ಟಗಳು ಆ ಎತ್ತರದ ಗಾಳಿಗೆ ಮೈಯನ್ನು ಒಗ್ಗಿಸಲ್ಲ. ಗಟ್ಟಿ ಕಾಲಿನವರೇ ಬೇಗ ಹತ್ತಿ ಬೇಗ ಕಾಯಿಲೆ ಬೀಳುತ್ತಾರೆ.

ಮನಾಲಿ ಸೇರಿದ ಮೂರನೇ ರಾತ್ರಿಗೇ ನಾನು 3,800 ಮೀಟರ್‌ನ ಕ್ಯಾಂಪ್‌ನಲ್ಲಿದ್ದೆ. ಸಂಜೆಯೇ ತಲೆನೋವು. ಅನ್ನ ನೋಡಿದರೆ ವಾಕರಿಕೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ವಾಪಸ್ ಕಳಿಸ್ತಾರೆ ಅನ್ನೋ ಭಯ. ರಾತ್ರಿ ಗೈಡ್ ಬಂದು ಹಿಮದ ಮೇಲೆ ಕೋಲಿನಿಂದ ಗೆರೆ ಎಳೆದ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೇ ನಡೆ ಅಂದ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಟಾರ್ಚ್ ಬೆಳಕಲ್ಲಿ, ನನ್ನ ಬ್ಯಾಗನ್ನೂ ತಾನೇ ಹೊತ್ತು, ಆಗಲೇ ಕೆಳಗಿಳಿಸಿದ. ಬೆಳಿಗ್ಗೆ ನಾಲ್ಕು ರೊಟ್ಟಿ ತಿಂದೆ. ಹಾಗೆ ತಡವರಿಸುವುದು ಮಿದುಳು ಊದಿಕೊಳ್ಳುವ ಗುರುತು. ಕಾದಿದ್ದರೆ ಜೀವವೇ ಹೋಗಬಹುದಿತ್ತು.

ಆದ್ದರಿಂದ 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಖಾಲಿ ದಿನ ಇಟ್ಟು ಅಲ್ಲೇ ನಿಲ್ಲಿ. ಹಗಲು ಮೇಲೆ ಹೋಗಿ ಬರಬಹುದು, ಮಲಗುವುದು ಕೆಳಗೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ನುಂಗಿದರೆ ಈ ಲೆಕ್ಕ ತಪ್ಪಿಸಬಹುದು ಅಂತ ನಿಮ್ಮ ಪಟ್ಟಿಯ ಕೆಳಗೆ ಯಾರೋ ಬರೆದಿದ್ದಾರೆ. ದಯವಿಟ್ಟು ಹಾಗೆಲ್ಲ ಹೇಳಬೇಡಿ. ಡಾಕ್ಟರನ್ನು ಕೇಳಿಯೇ ತಗೋಬೇಕು, ತಗೊಂಡರೂ ನಿಧಾನವಾಗಿಯೇ ಹತ್ತಬೇಕು. ತಲೆನೋವು ಇದ್ದಾಗ ಮೇಲೆ ಹೋಗೋದು ಬೇಡ. ಜಾಸ್ತಿಯಾದರೆ ಇಳಿಯಬೇಕು, ರಾತ್ರಿಯಾದರೂ ಸರಿ.

ಯೂನಂ ಇನ್ನೂ ಮೋಸದ ಬೆಟ್ಟ. ತುದಿ 6,111 ಮೀಟರ್, ಆದರೆ ಬಾರಾಲಾಚಾ ಕಣಿವೆದಾರಿ ದಾಟಿ ಬುಡದ ತನಕ ಗಾಡಿ ಹೋಗುತ್ತದೆ. ಬೆವರೇ ಬರದೆ 4,700 ಮೀಟರ್ ಹತ್ತಿರ ಮಲಗಿರುತ್ತೀರಿ. ಮೊದಲು ದಾರಿಯಲ್ಲಿ ಸಿಗುವ ಕೇಲಾಂಗ್, ಜಿಸ್ಪಾ ಕಡೆ ಎರಡು ಮೂರು ರಾತ್ರಿ ಕಳೆಯಿರಿ, ಅಲ್ಲಿಂದ ಮೇಲೂ ಅದೇ 500 ಮೀಟರ್ ಲೆಕ್ಕದಲ್ಲೇ ಏರಿ. ಯೂನಂ ಅನ್ನು ಜುಲೈಗೆ ತಳ್ಳಿದರೆ ಇನ್ನೂ ಒಳ್ಳೆಯದು. ಅದಿರುವ ಲಾಹೌಲ್ ಮಳೆ ನೆರಳಿನ ನಾಡು, ಮಳೆಗಾಲದಲ್ಲೂ ಹತ್ತಬಹುದು.

ಶೂ ವಿಷಯ. ಕ್ವೆಚುವಾ ಕಂಪನಿಯ ಟ್ರೆಕ್ಕಿಂಗ್ ಶೂ ನಮ್ಮ ಬೆಟ್ಟಗಳಿಗೆ ಧಾರಾಳ ಸಾಕು, ನಾನೂ ಅದನ್ನೇ ಹಾಕೋದು. ಆದರೆ ಮೆತ್ತನೆ ಅಡಿಯ ಶೂಗೆ ಕ್ರ್ಯಾಂಪನ್, ಅಂದರೆ ಹಿಮದಲ್ಲಿ ಜಾರದಂತೆ ಕಟ್ಟುವ ಕಬ್ಬಿಣದ ಮುಳ್ಳು, ಗಟ್ಟಿಯಾಗಿ ನಿಲ್ಲಲ್ಲ. ಹಾಗಂತ ಸಾಲ ಮಾಡಿ ಸ್ಕಾರ್ಪಾದಂಥ ದುಬಾರಿ ಬೂಟು ತಗೋಬೇಡಿ. ಮನಾಲಿಯಲ್ಲಿ ಹಿಮದ ಬೂಟು ಬಾಡಿಗೆಗೆ ಸಿಗುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಕಾಲಿನ ಉಗುರು ಕತ್ತರಿಸಿರಲಿ. ಇಳಿಯುವಾಗ ಬೆರಳು ಮುಂದೆ ಬಡಿದು ಉಗುರೇ ಕಪ್ಪಾಗುತ್ತದೆ.

ಇಳಿಯೋದನ್ನು ಯಾರೂ ಅಭ್ಯಾಸ ಮಾಡಲ್ಲ. ನಾನು ಬ್ಯಾಗಿಗೆ 10 ಲೀಟರ್ ನೀರು ತುಂಬಿ ಮಧುಗಿರಿ ಹತ್ತುತ್ತೇನೆ, ಮೇಲೆ ಚೆಲ್ಲದೆ ಹೊತ್ತುಕೊಂಡೇ ಇಳಿಯುತ್ತೇನೆ. ಎರಡು ತಿಂಗಳಲ್ಲಿ ತೊಡೆ ಗಟ್ಟಿಯಾಯಿತು. ನೀವು 5 ಲೀಟರ್‌ನಿಂದ ಶುರು ಮಾಡಿ. ಮಂಡಿ ನೋವಿದ್ದರೆ ಬೇಡವೇ ಬೇಡ. ಬಂಡೆ ಒದ್ದೆಯಿದ್ದರೆ ಆ ಕಡೆ ತಲೆ ಹಾಕಬೇಡಿ.

ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ ಒಯ್ಯಿರಿ. ಬಿಸಿನೀರಿಗೆ ಕಲಸಿದರೆ ಆಯ್ತು. ಮೇಲೆ ಸಿಹಿ ಸೇರದಿದ್ದಾಗ ಹುಣಸೆ ತೊಕ್ಕು ನಾಲಿಗೆ ಎಬ್ಬಿಸುತ್ತದೆ.

ರಾಜೀನಾಮೆ ಕೊಟ್ಟ ಮೇಲೆ ಕಂಪನಿಯ ಆರೋಗ್ಯ ವಿಮೆ ನಿಂತುಹೋಗುತ್ತದೆ. ಸ್ವಂತದ್ದು ಮೊದಲೇ ಮಾಡಿಸಿ, ಪರ್ವತಾರೋಹಣಕ್ಕೆ ಅನ್ವಯಿಸುತ್ತದಾ ಅಂತ ಓದಿ ನೋಡಿ. ಐಸ್ ಆಕ್ಸ್ (ಹಿಮಗೊಡಲಿ) ಹಿಡಿದೇ ಇಲ್ಲ ಅಂದರೆ ಬೇಸಿಗೆಯ ಒಂದು ತಿಂಗಳನ್ನು ಪರ್ವತಾರೋಹಣದ ಬೇಸಿಕ್ ಕೋರ್ಸಿಗೇ ಕೊಡಿ. ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿ, ಮೂರೂ ಕಡೆ ಕಲಿಸುತ್ತಾರೆ. ಸೀಟು ಬೇಗ ತುಂಬುತ್ತದೆ, ಇವತ್ತೇ ವಿಚಾರಿಸಿ.

ತಿದ್ದಿದ ಪಟ್ಟಿಯನ್ನು ಇಲ್ಲೇ ಹಾಕಿ, ನೋಡುತ್ತೇನೆ. ಭಾನುವಾರ ಬೆಳಿಗ್ಗೆ ಮಧುಗಿರಿಗೆ ಬಂದರೆ ಒಟ್ಟಿಗೆ ಹೊರೆ ಹೊತ್ತು ಇಳಿಯೋಣ. ಹುರಿಹಿಟ್ಟು ನಾನು ತರುತ್ತೇನೆ.