ಹಲ್ಲು ನೋಡಿ ಮಳೆ ಹೇಳಬಹುದೇ?

ಮಾನ್ಯರೇ,

ಫಿನ್ಲೆಂಡಿನ ಪಳೆಯುಳಿಕೆ ವಿಜ್ಞಾನಿ ಮಿಕಾಯೆಲ್ ಫೊರ್ಟೆಲಿಯಸ್ ಕುರಿತ ನಮ್ಮ ಲೇಖನ ಓದಿ ಮೂರು ಪ್ರಶ್ನೆ ಕೇಳಿದ್ದೀರಿ. ಗೊರಸಿನ ಪ್ರಾಣಿಗಳ ಹಲ್ಲಿಗೇ ವೃತ್ತಿಜೀವನ ಮುಡಿಪಿಡುವಂಥದ್ದು ಏನಿದೆ? ಹಲ್ಲು ನೋಡಿ ಲಕ್ಷಾಂತರ ವರ್ಷ ಹಿಂದಿನ ಮಳೆ ಹೇಳುವುದು ಬರೀ ಊಹೆಯಲ್ಲವೇ? ಇಷ್ಟೆಲ್ಲ ಕಷ್ಟ ಯಾಕೆ, ರಾಸಾಯನಿಕ ಪರೀಕ್ಷೆ ಮಾಡಿದರೆ ಮುಗಿಯಿತಲ್ಲ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ತೂಕದಲ್ಲಿ ಶೇ. 95ಕ್ಕೂ ಹೆಚ್ಚು ಖನಿಜ. ಹಾಗಾಗಿ ಮೂಳೆ ಪುಡಿಯಾದ ಕಡೆಯೂ ಹಲ್ಲು ಉಳಿಯುತ್ತದೆ, ಅದರ ಆಕಾರದಿಂದ ಎಷ್ಟೋ ಸಲ ಪ್ರಭೇದವನ್ನೇ ಗುರುತಿಸಬಹುದು.

ಮಳೆಯ ವಿಷಯಕ್ಕೆ ಬರೋಣ. ಒಣ ಬಯಲಲ್ಲಿ ಮೇವು ಒರಟು, ಅದರ ಮೇಲೆ ಧೂಳು ಬೇರೆ. ಹಲ್ಲು ಬೇಗ ಸವೆಯುವುದರಿಂದ ತಲೆಮಾರುಗಳು ಉರುಳಿದಂತೆ ಎತ್ತರದ ಹಲ್ಲಿನ ವಂಶಗಳು ಅಲ್ಲಿ ಹೆಚ್ಚುತ್ತವೆ. ಅಳತೆ ಸರಳ: ಸವೆಯದ ಎರಡನೇ ದವಡೆ ಹಲ್ಲಿನ ಎತ್ತರವನ್ನು ಉದ್ದದಿಂದ ಭಾಗಿಸಿ. 0.8ಕ್ಕಿಂತ ಕಡಿಮೆಯಾದರೆ ಗಿಡ್ಡ, 1.2 ದಾಟಿದರೆ ಎತ್ತರ, ನಡುವಿನದು ಮಧ್ಯಮ. ಇವಕ್ಕೆ ಕ್ರಮವಾಗಿ 1, 3, 2 ಅಂಕ ಕೊಟ್ಟು, ಒಂದು ತಾಣದಲ್ಲಿ ಸಿಕ್ಕ ದೊಡ್ಡ ಸಸ್ಯಾಹಾರಿಗಳ ಸರಾಸರಿ ತೆಗೆಯುತ್ತಾರೆ. ಸರಾಸರಿ ಹೆಚ್ಚಿದಷ್ಟೂ ಆ ಜಾಗ ಒಣದು, ಮಳೆ ಕಡಿಮೆ. 2002ರಲ್ಲಿ ಫೊರ್ಟೆಲಿಯಸ್ ಮತ್ತು ಸಂಗಡಿಗರು ಇದೇ ಲೆಕ್ಕದಿಂದ ಯುರೇಷ್ಯಾದ 20 ದಶಲಕ್ಷ ವರ್ಷಗಳ ಒಣಗುವಿಕೆಯ ನಕ್ಷೆ ಬರೆದರು.

ಒಂದೇ ಪ್ರಾಣಿಯನ್ನು ನಂಬಿದರೆ ಮಾತ್ರ ಕೆಟ್ಟೆವು. ಅಮೆರಿಕದ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್‌ಗೆ ಎತ್ತರದ ಹಲ್ಲು, ತಿನ್ನುವುದು ಹೆಚ್ಚಾಗಿ ಪೊದೆ ಮತ್ತು ಹುಲ್ಲಲ್ಲದ ಸಣ್ಣ ಗಿಡಗಳನ್ನು. ಎತ್ತರದ ಹಲ್ಲು ಕಂಡೊಡನೆ ‘ಹುಲ್ಲು ಮೇಯುವುದು’ ಎಂದು ಷರಾ ಬರೆಯುವವರು ಎಡವುವುದು ಇಲ್ಲೇ. ಇನ್ನೊಂದು ತೊಡಕು ಹೆಸರಿನದು. ಒಂದೇ ಪ್ರಾಣಿಗೆ ಎರಡು ದೇಶಗಳಲ್ಲಿ ಎರಡು ಹೆಸರಿದ್ದರೆ ಸರಾಸರಿಯಲ್ಲಿ ಅದು ಎರಡು ಸಲ ಸೇರುತ್ತದೆ. ಫೊರ್ಟೆಲಿಯಸ್ ಬಹುಕಾಲ ಮುನ್ನಡೆಸಿದ, ಪಳೆಯುಳಿಕೆ ಸಸ್ತನಿಗಳ ‘ನೌ’ ದತ್ತಸಂಚಯದಲ್ಲಿ ಬೇಸರ ತರಿಸುವಷ್ಟು ಹೆಸರು ತಿದ್ದುವ ಕೆಲಸ ಇರುವುದು ಇದಕ್ಕಾಗಿ. ಯಾರ ಕಣ್ಣಿಗೂ ಬೀಳದ ಈ ದುಡಿಮೆಯಿಲ್ಲದೆ ನಕ್ಷೆ ಹುಟ್ಟುತ್ತಿರಲಿಲ್ಲ.

ಹಾಗಾದರೆ ಆ ಪ್ರಾಣಿ ನಿಜಕ್ಕೂ ಏನು ತಿಂದಿತು? ಅದಕ್ಕೆ ಸವೆತವನ್ನು ನೋಡಬೇಕು. ಫೊರ್ಟೆಲಿಯಸ್ ಮತ್ತು ಇನ್ನೊಬ್ಬ ಪಳೆಯುಳಿಕೆ ವಿಜ್ಞಾನಿ ನಿಕೋಸ್ ಸೊಲೂನಿಯಾಸ್ 2000ದಲ್ಲಿ ಪ್ರಕಟಿಸಿದ ‘ಮೀಸೋವೇರ್’ ವಿಧಾನಕ್ಕೆ ಸೂಕ್ಷ್ಮದರ್ಶಕವೂ ಬೇಡ, ಭೂತಗನ್ನಡಿ ಸಾಕು. ಮೇಲ್ದವಡೆಯ ಎರಡನೇ ದವಡೆ ಹಲ್ಲನ್ನು ಕೆನ್ನೆಯ ಕಡೆಯಿಂದ ನೋಡಿ. ಎರಡು ಮೊನೆ ಕಾಣುತ್ತವೆ. ಅವುಗಳ ನಡುವಿನ ಕಣಿವೆ ಆಳವೋ, ಅಲ್ಲವೋ? ಎರಡರಲ್ಲಿ ಹೆಚ್ಚು ಹರಿತವಾದದ್ದು ಚೂಪೋ, ಗುಂಡಗಿದೆಯೋ, ಮೊಂಡೋ? ಇಷ್ಟನ್ನೇ ಬರೆದುಕೊಳ್ಳಿ. ಸೊಪ್ಪು ತಿನ್ನುವಾಗ ಹಲ್ಲಿಗೆ ಹಲ್ಲು ತಾಗಿ ಮೊನೆ ಮಸೆದಂತಾಗುತ್ತದೆ. ಹುಲ್ಲು, ಮರಳು ಅದನ್ನು ಉಜ್ಜಿ ಮೊಂಡು ಮಾಡುತ್ತವೆ. ಈಗಷ್ಟೇ ಮೂಡಿದ ಹಲ್ಲನ್ನೂ ಮುದಿ ಪ್ರಾಣಿಯ ಬೊಡ್ಡೆ ಹಲ್ಲನ್ನೂ ಪಕ್ಕಕ್ಕಿಡಬೇಕು: ಮೊದಲನೆಯದು ಏನು ತಿಂದರೂ ಚೂಪು, ಎರಡನೆಯದು ಏನು ತಿಂದರೂ ಮೊಂಡು. ಒಂದು ಪ್ರಭೇದಕ್ಕೆ ಹತ್ತು ಹಲ್ಲಾದರೂ ಬೇಕು, ಇಪ್ಪತ್ತಿದ್ದರೆ ನೆಮ್ಮದಿ. ಮಣ್ಣಲ್ಲಿ ಉರುಳಿ ಅಂಚು ಮುರಿದದ್ದನ್ನು ಸವೆತವೆಂದು ಎಣಿಸಿದರೆ ಸೊಪ್ಪು ತಿಂದದ್ದೂ ಹುಲ್ಲು ತಿಂದದ್ದಾಗಿ ಕಾಣುತ್ತದೆ.

ಹಲ್ಲಿನ ಎತ್ತರ ವಂಶದ ಹಳೆಯ ಇತಿಹಾಸ, ಮೊನೆಯ ಆಕಾರ ಆ ಪ್ರಾಣಿಯ ಕೆಲವು ತಿಂಗಳು-ವರ್ಷಗಳ ಮೇವು, ಮೇಲ್ಮೈಯ ಅತಿಸೂಕ್ಷ್ಮ ಗೀರುಗಳು ಸಾಯುವ ಮುಂಚಿನ ದಿನಗಳ ಊಟ. ಮೂರೂ ಒಂದೇ ಮಾತು ಹೇಳಬೇಕೆಂಬ ನಿಯಮವಿಲ್ಲ. ಎತ್ತರದ ಹಲ್ಲು, ಚೂಪಾದ ಮೊನೆ ಒಟ್ಟಿಗೆ ಸಿಕ್ಕರೆ, ಒಣ ಬಯಲಿಗೆ ಹೊಂದಿಕೊಂಡ ವಂಶವೊಂದು ಸೊಪ್ಪು ತಿಂದು ಬದುಕುತ್ತಿತ್ತು ಎಂದರ್ಥ. ವಿಕಾಸ ಮತ್ತು ಪರಿಸರವನ್ನು ಒಟ್ಟಿಗೆ ಓದುವವರಿಗೆ ಇಂಥ ತಾಳೆಯಾಗದ ಜಾಗಗಳಲ್ಲೇ ಕೆಲಸ.

ಇನ್ನು ರಾಸಾಯನಿಕ ಪರೀಕ್ಷೆ. ಎನಾಮೆಲ್‌ನಿಂದ ಕೆಲವು ಮಿಲಿಗ್ರಾಂ ಪುಡಿ ಕೊರೆದು, ಸಾವಯವ ಅಂಶವನ್ನೂ ಮಣ್ಣಿನಿಂದ ಸೇರಿದ ಕಾರ್ಬೊನೇಟನ್ನೂ ತೊಳೆದು, ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿ, ಹೊರಬರುವ ಅನಿಲದಲ್ಲಿ ಕಾರ್ಬನ್-13 (ಇಂಗಾಲದ ತುಸು ಭಾರದ ರೂಪ) ಅಳೆಯುತ್ತಾರೆ. ಎನಾಮೆಲ್‌ನ ಒಳಗಿನ ಡೆಂಟಿನ್ ಪದರ ಬಳಸುವಂತಿಲ್ಲ, ಮಣ್ಣಿನ ನೀರು ಅದರೊಳಗೆ ಇಳಿದಿರುತ್ತದೆ. ಮೊದಲ ದವಡೆ ಹಲ್ಲೂ ಬೇಡ, ಅದು ತಾಯಿಹಾಲಿನ ಕಾಲದಲ್ಲಿ ಬೆಳೆದದ್ದು. ಉಷ್ಣವಲಯದ ಬಯಲು ಹುಲ್ಲು ಬಹುಪಾಲು ಸಿ-4 ಬಗೆಯದು; ಸಿ-4, ಸಿ-3 ಎಂಬುವು ಗಿಡಗಳು ಗಾಳಿಯ ಇಂಗಾಲ ಹಿಡಿಯುವ ಎರಡು ವಿಧಾನಗಳು. ಸಿ-4 ಹುಲ್ಲಿಗೂ ಸೊಪ್ಪಿಗೂ ಕಾರ್ಬನ್-13ರಲ್ಲಿ ಸಾವಿರಕ್ಕೆ ಸುಮಾರು 14ರಷ್ಟು ಅಂತರವಿರುವುದರಿಂದ ಅಲ್ಲಿ ಫಲಿತಾಂಶ ಸ್ಪಷ್ಟ. ತಂಪು ದೇಶಗಳ ಹುಲ್ಲು ಬಹುಮಟ್ಟಿಗೆ ಮರದ ಎಲೆಯಂತೆಯೇ ಸಿ-3. ಅಲ್ಲಿ ಹುಲ್ಲೆಂದರೂ ಸೊಪ್ಪೆಂದರೂ ಕಾರ್ಬನ್ ಅಂಕಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ಯುರೋಪಿನ ಪಳೆಯುಳಿಕೆಗಳಿಗೆ ಭೂತಗನ್ನಡಿ ಇನ್ನೂ ಬೇಕಾಗಿರುವುದು ಅದಕ್ಕೇ.

ಸಂ.