429,49,67,297 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: 2ರ 32ನೇ ಘಾತಕ್ಕೆ 1 ಕೂಡಿಸಿದರೆ 429,49,67,297 ಬರುತ್ತದೆ. 100ರೊಳಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಿದೆ, ಪ್ರತಿ ಸಲವೂ ಶೇಷ ಉಳಿಯಿತು. ಇದನ್ನು ಅವಿಭಾಜ್ಯ ಎನ್ನಬಹುದೇ? ಸಿ ಭಾಷೆಯ ಪ್ರೋಗ್ರಾಂನಲ್ಲಿ ಈ ಸಂಖ್ಯೆ ಕೊಟ್ಟರೆ ಬರೀ 1 ತೋರಿಸುತ್ತದೆ, ಏಕೆ?

ಉತ್ತರ: ಅವಿಭಾಜ್ಯವಲ್ಲ. 641ನ್ನು 67,00,417ರಿಂದ ಗುಣಿಸಿ ನೋಡಿ, ಇದೇ ಸಂಖ್ಯೆ ಬರುತ್ತದೆ. ನೀವು 100ಕ್ಕೇ ನಿಲ್ಲಿಸಿದ್ದರಿಂದ ಅದು ಸಿಗಲಿಲ್ಲ. ಒಂದೊಂದಾಗಿ ಭಾಗಿಸುವುದಾದರೆ ವರ್ಗಮೂಲದವರೆಗೆ, ಅಂದರೆ 65,536ರವರೆಗೆ ಹೋಗಬೇಕು; ಅಷ್ಟರಲ್ಲಿ 6,542 ಅವಿಭಾಜ್ಯಗಳಿವೆ. ಇಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾನಂಥವನೇ ಎಡವಿದ್ದ. ಇದೇ ಸಾಲಿನ, ಅಂದರೆ 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದಾಗ ಬರುವ 3, 5, 17, 257, 65,537 ಅವಿಭಾಜ್ಯವಾಗಿದ್ದುದನ್ನು ಕಂಡು, ಮುಂದಿನವೂ ಹಾಗೆಯೇ ಎಂದು 1640ರಲ್ಲಿ ಊಹಿಸಿದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 641ನ್ನು ಹಿಡಿದುಕೊಟ್ಟ.

ಅಷ್ಟೊಂದು ಭಾಗಾಕಾರ ಮಾಡಬೇಕಿಲ್ಲ. ಅವಿಭಾಜ್ಯ ‘ಪ’ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನಿ. ಆಗ 2ರ 32ನೇ ಘಾತವನ್ನು ‘ಪ’ದಿಂದ ಭಾಗಿಸಿದರೆ ಶೇಷ -1 (ಅಂದರೆ ‘ಪ’ಕ್ಕಿಂತ 1 ಕಡಿಮೆ), ಅದರ ವರ್ಗವಾದ 64ನೇ ಘಾತಕ್ಕೆ 1; ಅದಕ್ಕಿಂತ ಚಿಕ್ಕ ಘಾತದಲ್ಲಿ 1 ಬರುವುದಿಲ್ಲ. (ಪ - 1)ನೇ ಘಾತಕ್ಕೂ ಶೇಷ 1 ಎಂಬುದು ಫರ್ಮಾನದೇ ಪ್ರಮೇಯ. ಹಾಗಾಗಿ ಪ - 1 ಎಂಬುದು 64ರ ಗುಣಕವೇ ಆಗಿರಬೇಕು. 64ರ ಗುಣಕಕ್ಕೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು!

641ನ್ನು ತಾಳೆ ನೋಡಲು ದೊಡ್ಡ ಭಾಗಾಕಾರವೂ ಬೇಡ, ಶೇಷವನ್ನು ವರ್ಗ ಮಾಡುತ್ತ ಹೋದರೆ ಸಾಕು. 2ರ 8ನೇ ಘಾತ 256. ಅದರ ವರ್ಗ 65,536; ಇದರಿಂದ 641 × 102 = 65,382 ಕಳೆದರೆ 154. ಅದರ ವರ್ಗ 23,716; 641 × 36 = 23,076 ಕಳೆದರೆ 640, ಅಂದರೆ -1. ಇದು 32ನೇ ಘಾತದ ಶೇಷ. 1 ಕೂಡಿಸಿದರೆ ಸೊನ್ನೆ.

67,00,417 ಅವಿಭಾಜ್ಯವೇ. ಅದರ ವರ್ಗಮೂಲ 2,588ರ ಆಸುಪಾಸು. ಭಾಜಕಗಳು 128ರ ಗುಣಕಕ್ಕೆ 1 ಕೂಡಿಸಿದಂತಿರಬೇಕು ಎಂಬ ಇನ್ನೂ ಬಿಗಿಯಾದ ನಿಯಮ ಬಳಸಿದರೆ 257, 641, 769, 1,153, 1,409 ಇಷ್ಟನ್ನು ನೋಡಿದರೆ ಸಾಕು. ಶೇಷ ಕ್ರಮವಾಗಿ 170, 44, 120, 334, 622.

ಇನ್ನು ನಿಮ್ಮ ಪ್ರೋಗ್ರಾಂ. 32 ಬಿಟ್‌ನ ವೇರಿಯಬಲ್‌ನಲ್ಲಿ 429,49,67,295ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. 2ರ 32ನೇ ಘಾತದಷ್ಟು ಬಿದ್ದುಹೋಗಿ 1 ಉಳಿಯುತ್ತದೆ. 64 ಬಿಟ್‌ನ ‘ಅನ್‌ಸೈನ್ಡ್ ಲಾಂಗ್ ಲಾಂಗ್’ ಬಳಸಿ. ಆದರೂ ಈ ಸಂಖ್ಯೆಯಿಂದ ಭಾಗಿಸಿ ಬಂದ ಶೇಷಗಳನ್ನು ವರ್ಗ ಮಾಡುವಾಗ ಎಚ್ಚರ: ಶೇಷ ಸರಿಯಾಗಿ 2ರ 32ನೇ ಘಾತವೇ ಆದರೆ ವರ್ಗ 64 ಬಿಟ್‌ಗೂ ಹಿಡಿಸದೆ ಸೊನ್ನೆಯಾಗುತ್ತದೆ.

ಅವಿಭಾಜ್ಯತೆಯ ಫರ್ಮಾ ಪರೀಕ್ಷೆಯನ್ನು (ಸಂಖ್ಯೆಗಿಂತ 1 ಕಡಿಮೆಯ ಘಾತವನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರುತ್ತದೆಯೇ ಎಂದು ನೋಡುವುದು) 2 ಇಟ್ಟುಕೊಂಡು ಮಾಡಿದರೂ ಮೋಸ ಹೋಗುತ್ತೀರಿ. ಈ ಸಾಲಿನ ಎಲ್ಲ ಸಂಖ್ಯೆಗಳೂ ಅದರಲ್ಲಿ ಪಾಸಾಗುತ್ತವೆ, ಅವಿಭಾಜ್ಯವಲ್ಲದಿದ್ದರೂ. 2ರ ಬದಲು 3 ಇಡಿ, ಇದು ಸಿಕ್ಕಿಬೀಳುತ್ತದೆ.